ಗುರು–ಲಘು

ಅಧ್ಯಾಪಕರ ಸ್ವಭಾವವನ್ನು ಅರಿಯಬೇಕೆನ್ನುವವರು ಅವರ ತರಗತಿಗೆ ಹೋಗಬೇಕಾದುದಿಲ್ಲ. ಅವರನ್ನೇ ವಿದ್ಯಾರ್ಥಿಗಳ ಬೆಂಚಿನ ಮೇಲೆ ಕುಳ್ಳಿರಿಸಿ ನೋಡಿದರೆ ಸಾಕು. ಹತ್ತು ಗಂಟೆಗೆ ಪ್ರಾರಂಭವಾಗಬೇಕಾದ ಕಮ್ಮಟಕ್ಕೆ ಹತ್ತೂವರೆಯವರೆಗೂ ಒಬ್ಬೊಬ್ಬರಾಗಿ ಬರುತ್ತಾರೆ. ಮೊದಲು ತುಂಬುವುದು ಕೊನೆಯ ಸಾಲು. ಕಣ್ಣು ಹಾಜರಿ ಪುಸ್ತಕದ ಮೇಲೆ, ಮನಸ್ಸು ಕಾಫಿಯ ಬಿಡುವಿನ ಮೇಲೆ. ಯಾವ ದುರ್ಗುಣಗಳಿಗಾಗಿ ತಮ್ಮ ಹುಡುಗರ ಮೇಲೆ ಇಪ್ಪತ್ತು ವರ್ಷ ಸಿಡುಕಿದ್ದರೋ, ಅವೆಲ್ಲವೂ ಅರ್ಧ ಗಂಟೆಯಲ್ಲಿ ಅವರಿಗೇ ಕೈವಶವಾಗುತ್ತವೆ!

ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ನಡೆದ ಏಳು ದಿನಗಳ ಕಮ್ಮಟದ ಚಿತ್ರವಿದು. ವಿಷಯ: ಬೋಧನೆಯಲ್ಲಿ ತಂತ್ರಜ್ಞಾನ.

ಕಲಿಸುವವರಿಗೂ ಕಲಿಕೆ ಬೇಕೆಂಬ ವಿಚಾರ ಹೊಸದಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ದೇಶದ ಹಲವೆಡೆ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ಏರ್ಪಡಿಸಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೂ ಒಂದು ತಲೆಯೆತ್ತಿತು. ಮುಂದೆ ಅವು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳೆನಿಸಿಕೊಂಡವು. 2023ರಲ್ಲಿ ಮಾಳವೀಯರ ಹೆಸರನ್ನು ಹೊತ್ತ ಅಧ್ಯಾಪಕ ತರಬೇತಿ ಕೇಂದ್ರಗಳಾದವು. ಹೆಸರು ಮೂರಾದರೂ ಬೆಂಚು ಒಂದೇ ಎಂದು ಹಾಸ್ಯಪ್ರಿಯರು ನಗುವುದುಂಟು.

ಯಂತ್ರಗಳೂ ಒಂದರ ಹಿಂದೊಂದಾಗಿ ಬಂದವು. 1984ರ ಆಗಸ್ಟ್ 15ರಂದು ಆಯೋಗದ ಪಾಠಗಳು ದೂರದರ್ಶನದಲ್ಲಿ ಪ್ರಾರಂಭವಾದವು. 2004ರಲ್ಲಿ ಎಜುಸ್ಯಾಟ್ ಉಪಗ್ರಹವು ಆಕಾಶಕ್ಕೇರಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಕಾಲೇಜುಗಳು ಅದರ ಪಾಠಗಳನ್ನು ಪಡೆದವು. 2017ರಲ್ಲಿ ‘ಸ್ವಯಂ’ ಬಂದಿತು. ಇವೆಲ್ಲವನ್ನೂ ದೂರದಿಂದಲೇ ನೋಡಿ ನಮಸ್ಕರಿಸಿದ್ದ ಅಧ್ಯಾಪಕರನ್ನು 2020ರ ಮಾರ್ಚಿಯಲ್ಲಿ ಕೊರೋನಾ ಮಹಾಮಾರಿಯು ಕೊರಳು ಹಿಡಿದು ಯಂತ್ರದ ಮುಂದೆ ತಂದು ಕೂರಿಸಿತು. ಪರದೆಯ ಮೇಲೆ ಕಪ್ಪು ಚೌಕಗಳು. ಅವುಗಳ ಹಿಂದೆ ವಿದ್ಯಾರ್ಥಿ ಇರುವನೋ, ಹೊಲಕ್ಕೆ ಹೋಗಿರುವನೋ ಬಲ್ಲವರಾರು? ‘ಕೇಳಿಸುತ್ತಿದೆಯೇ?’ ಎಂಬುದೇ ಆ ವರ್ಷದ ಮುಖ್ಯ ಪಾಠವಾಯಿತು.

ಆ ಕಾಲದ ಗಾಬರಿ ಈಗ ಇಲ್ಲ. ಆದರೆ ಕಮ್ಮಟಗಳು ಉಳಿದುಕೊಂಡಿವೆ. ಅವುಗಳಿಗೆ ಬರುವವರೆಲ್ಲರೂ ಜ್ಞಾನದಾಹದಿಂದಲೇ ಬರುವರೆನ್ನುವುದು ಸತ್ಯಕ್ಕೆ ದೂರ. ಬಡ್ತಿಯ ಏಣಿಯ ಮೆಟ್ಟಿಲುಗಳಲ್ಲಿ ತರಬೇತಿಯ ಪ್ರಮಾಣಪತ್ರವೂ ಒಂದು. ಆದುದರಿಂದ ಏಳನೆಯ ದಿನದ ಸಮಾರೋಪಕ್ಕೆ ಮಾತ್ರ ಯಾರೂ ತಡವಾಗಿ ಬರುವುದಿಲ್ಲ!

ಈ ಗುಂಪಿನಲ್ಲಿ ಕನ್ನಡದ ಹಿರಿಯ ಅಧ್ಯಾಪಕರೊಬ್ಬರಿದ್ದರು. ನಿವೃತ್ತಿಗೆ ನಾಲ್ಕು ವರ್ಷ. ಹಳಗನ್ನಡವೆಂದರೆ ಪ್ರಾಣ, ಯಂತ್ರವೆಂದರೆ ತಲೆನೋವು. ಎರಡನೆಯ ದಿನ ಪ್ರತಿಯೊಬ್ಬರೂ ಹತ್ತು ನಿಮಿಷದ ಪಾಠವನ್ನು ಪರದೆಯ ಮೇಲೆ ತೋರಿಸಬೇಕಾಗಿದ್ದಿತು. ಹಿರಿಯರು ಮನೆಯಲ್ಲಿ ಮೂರು ರಾತ್ರಿ ಕುಳಿತು ಛಂದಸ್ಸಿನ ಪಾಠವನ್ನು ಸಿದ್ಧಪಡಿಸಿಕೊಂಡು ಬಂದಿದ್ದರು. ಗುಂಡಿ ಒತ್ತಿದರು. ಪರದೆಯ ಮೇಲೆ ಕನ್ನಡದ ಒಂದಕ್ಷರವೂ ಇಲ್ಲ. ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಮೊಸರನ್ನದಂತೆ ಹರಡಿಕೊಂಡಿದ್ದವು. ಹಿಂದಿನ ಸಾಲು ನಕ್ಕಿತು. ಹಿರಿಯರ ಮುಖ ಸಣ್ಣದಾಯಿತು.

“ಇದೇನಮ್ಮಾ, ಅಕ್ಷರಗಳೆಲ್ಲ ಓಡಿಹೋದವಲ್ಲ!” ಎಂದರು, ಯಂತ್ರದ ಬಳಿ ನಿಂತಿದ್ದ ತರುಣಿಯತ್ತ ತಿರುಗಿ.

“ಎಲ್ಲಿಗೂ ಹೋಗಿಲ್ಲ ಸರ್. ನಿಮ್ಮ ಮನೆಯ ಯಂತ್ರದಲ್ಲಿರುವ ಅಕ್ಷರದ ಅಚ್ಚು ಇದರಲ್ಲಿಲ್ಲ, ಅಷ್ಟೆ,” ಎಂದು ಆಕೆ ಸಮಾಧಾನ ಹೇಳಿದಳು.

ಹಳೆಯ ಕನ್ನಡ ಅಕ್ಷರವಿನ್ಯಾಸಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿಯೇ ಕನ್ನಡದ ರೂಪಗಳನ್ನು ಕೂರಿಸಲಾಗಿತ್ತು. ಆ ವಿನ್ಯಾಸವಿಲ್ಲದ ಯಂತ್ರವು ತನಗೆ ತಿಳಿದುದನ್ನೇ ತೋರಿಸುತ್ತದೆ. ಯೂನಿಕೋಡ್ ಪದ್ಧತಿಯಲ್ಲಾದರೋ ಪ್ರತಿ ಲಿಪಿಯ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಸಂಖ್ಯೆ. ‘ಕ’ಕಾರದ ಸಂಖ್ಯೆ 3221. ಬೆರಳುಗಳು ರೂಢಿಸಿಕೊಂಡ ಕೆ. ಪಿ. ರಾವ್ ಅವರ ಕೀಲಿಮಣೆಯ ಕ್ರಮವನ್ನು ಬಿಡದೆಯೇ ಯೂನಿಕೋಡಿನಲ್ಲಿ ಬರೆಯಬಹುದು. ಇಷ್ಟನ್ನು ಆ ತರುಣಿಯು ಮಧ್ಯಾಹ್ನದ ಊಟವನ್ನು ಬಿಟ್ಟು ಹಿರಿಯರಿಗೆ ತಿಳಿಸಿಕೊಟ್ಟಳು. ಸಂಜೆಯ ಹೊತ್ತಿಗೆ ಅಕ್ಷರಗಳು ಮನೆಗೆ ಮರಳಿದ್ದವು. ‘ಕಲಿಯುವವರೆಗೆ ಬ್ರಹ್ಮವಿದ್ಯೆ, ಕಲಿತ ಮೇಲೆ ಕೋತಿವಿದ್ಯೆ’ ಎಂಬ ಗಾದೆ ಹಿರಿಯರ ಬಾಯಿಂದಲೇ ಹೊರಟಿತು.

ಆದರೆ ಅಕ್ಷರ ಮೂಡಿದ ಮಾತ್ರಕ್ಕೆ ಪಾಠ ಮೂಡಿತೆ? ಇಂಥ ಕಮ್ಮಟಗಳು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಯಾವ ಗುಂಡಿಯನ್ನು ಒತ್ತಬೇಕೆಂಬುದನ್ನು ಆರು ದಿನ ಹೇಳುತ್ತಾರೆ. ಏಕೆ ಒತ್ತಬೇಕೆಂಬುದಕ್ಕೆ ಅರ್ಧ ಗಂಟೆಯೂ ಸಿಗುವುದಿಲ್ಲ. ಕರಿಹಲಗೆಯ ಮೇಲಿದ್ದ ಟಿಪ್ಪಣಿ ಬಿಳಿಯ ಪರದೆಗೆ ವರ್ಗವಾಗುತ್ತದೆ. ಅದನ್ನು ನೋಡಿ ಬರೆದುಕೊಳ್ಳುವ ಹುಡುಗನು ಮಾತ್ರ ಇದ್ದಲ್ಲಿಯೇ ಇರುತ್ತಾನೆ.

ಈ ಕಮ್ಮಟದ ಪುಣ್ಯದಿಂದ ಐದನೆಯ ದಿನ ಬಂದ ಉಪನ್ಯಾಸಕರು ಬೇರೊಂದು ಕಥೆಯನ್ನು ಹೇಳಿದರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಎರಿಕ್ ಮಜೂರ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರಿದ್ದಾರೆ. ತಾವು ಚೆನ್ನಾಗಿಯೇ ಪಾಠ ಹೇಳುತ್ತಿರುವೆವೆಂದು ಅವರು ನಂಬಿದ್ದರು. ವಿದ್ಯಾರ್ಥಿಗಳೂ ಹಾಗೆಯೇ ಹೇಳುತ್ತಿದ್ದರು. 1990ರ ಸುಮಾರಿಗೆ ಬಲ ಮತ್ತು ಚಲನೆಗಳನ್ನು ಕುರಿತ ಅತಿ ಸರಳವಾದ ಪ್ರಶ್ನೆಗಳನ್ನು ಕೇಳಿ ನೋಡಿದಾಗ, ಕಠಿಣವಾದ ಲೆಕ್ಕಗಳನ್ನು ಬಿಡಿಸಬಲ್ಲವರೇ ಅಲ್ಲಿ ತಪ್ಪಿದರು. ನೀವು ಕಲಿಸಿದಂತೆ ಉತ್ತರಿಸಬೇಕೋ, ನಾವು ನಿಜವಾಗಿ ಯೋಚಿಸುವಂತೆ ಉತ್ತರಿಸಬೇಕೋ ಎಂದು ಒಬ್ಬಳು ಕೇಳಿದಳಂತೆ. ಯಾವ ಅಧ್ಯಾಪಕನ ಎದೆಗಾದರೂ ನಾಟತಕ್ಕ ಮಾತು!

ಅಂದಿನಿಂದ ಮಜೂರರು ತಮ್ಮ ಕ್ರಮವನ್ನು ಬದಲಾಯಿಸಿದರು. ಸ್ವಲ್ಪ ಪಾಠ, ಅನಂತರ ಒಂದು ಪ್ರಶ್ನೆ, ಮೂರು ನಾಲ್ಕು ಉತ್ತರಗಳು. ಪ್ರತಿಯೊಬ್ಬನೂ ಮೊದಲು ತಾನೇ ಯೋಚಿಸಿ ಒಂದನ್ನು ಆರಿಸಬೇಕು, ಬಳಿಕ ಪಕ್ಕದವನೊಡನೆ ವಾದಿಸಬೇಕು, ಮತ್ತೊಮ್ಮೆ ಆರಿಸಬೇಕು. ಈ ಕ್ರಮದಲ್ಲಿ ಉತ್ತರವನ್ನು ಎಣಿಸಲು ಗುಂಡಿ ಒತ್ತುವ ಸಣ್ಣ ಯಂತ್ರಗಳೂ ಬಂದವು. ಯಂತ್ರ ಹಿಡಿದ ತರಗತಿಯನ್ನೂ ಬರಿಯ ಕಾಗದದ ಚೀಟಿ ಎತ್ತಿ ತೋರಿಸಿದ ತರಗತಿಯನ್ನೂ ನ್ಯಾಥನೇಲ್ ಲಾಸ್ರಿ ಎಂಬ ಅಧ್ಯಾಪಕರು ಹೋಲಿಸಿ ನೋಡಿ 2008ರಲ್ಲಿ ಪ್ರಕಟಿಸಿದರು. ಕಲಿಕೆಯಲ್ಲಿ ಗಣನೀಯವಾದ ಅಂತರ ಕಾಣಲಿಲ್ಲ. ಕೆಲಸ ಮಾಡಿದ್ದು ಪ್ರಶ್ನೆ, ಯಂತ್ರವಲ್ಲ.

ಹಿಂದಿನ ಸಾಲಿನಿಂದ ಹಿರಿಯರು ಎದ್ದು ಮುಂದಿನ ಸಾಲಿಗೆ ಬಂದು ಕುಳಿತದ್ದು ಅಂದೇ.

ಮರುವಾರ ಅವರ ತರಗತಿಯಲ್ಲಿ ಪರದೆ ಇರಲಿಲ್ಲ. ಇದ್ದ ಒಂದೇ ಯಂತ್ರವು ವಾಣಿಜ್ಯ ವಿಭಾಗದ ಪಾಲಾಗಿತ್ತು. ಅವರು ಕರಿಹಲಗೆಯ ಮೇಲೆ ‘ಪುಸ್ತಕ’ ಎಂದು ಬರೆದರು. “ಇದರಲ್ಲಿ ಗುರುವಾವುದು? ಮೊದಲನೆಯದಾದರೆ ಒಂದು ಬೆರಳು, ಎರಡನೆಯದಾದರೆ ಎರಡು, ಯಾವುದೂ ಅಲ್ಲವೆಂದರೆ ಮುಷ್ಟಿ. ಎದೆಯ ಹತ್ತಿರ ಹಿಡಿಯಿರಿ, ಪಕ್ಕದವರಿಗೆ ಕಾಣಬಾರದು,” ಎಂದರು.

ತರಗತಿಯ ಮುಕ್ಕಾಲು ಪಾಲು ಎರಡು ಬೆರಳು ತೋರಿಸಿತು! ಒತ್ತಕ್ಷರವಿರುವುದು ‘ಸ್ತ’ದಲ್ಲಿ, ಕಣ್ಣಿಗೆ ಭಾರವಾಗಿ ಕಾಣುವುದೂ ಅದೇ. ಒತ್ತಕ್ಷರದ ಹಿಂದಿನ ಅಕ್ಷರ ಗುರುವೆಂಬ ನಿಯಮವನ್ನು ಅವರೆಲ್ಲರೂ ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದವರೇ. ಇಷ್ಟು ವರ್ಷಗಳಿಂದ ಹೀಗೆಯೇ ಇದ್ದಿತೋ ಏನೋ. ಹಿರಿಯರು ಕೇಳಿರಲಿಲ್ಲ, ಹುಡುಗರು ಹೇಳಿರಲಿಲ್ಲ.

“ಪಕ್ಕದವರೊಡನೆ ಜಗಳವಾಡಿ,” ಎಂದರು. ತರಗತಿ ಸಂತೆಯಾಯಿತು. ಎಂದೂ ಬಾಯಿ ತೆರೆಯದ ಕೊನೆಯ ಬೆಂಚಿನ ಹುಡುಗನೊಬ್ಬನು ಎದ್ದು, “ಸಾರ್, ನಿಧಾನವಾಗಿ ಹೇಳಿ ನೋಡಿದರೆ ‘ಪುಸ್’ ಅಂತ ನಾಲಿಗೆ ಅಲ್ಲೇ ನಿಲ್ಲುತ್ತದೆ. ಭಾರ ಬೀಳುವುದು ‘ಪು’ವಿನ ಮೇಲೆ,” ಎಂದನು. ಹಿರಿಯರು ಎರಡು ನಿಮಿಷ ಮಾತನಾಡಲಿಲ್ಲ. ಪುಸ್ತಕ ನೋಡಿ ಕಲಿತ ನಿಯಮವನ್ನು ಈ ಹುಡುಗ ನಾಲಿಗೆಯಿಂದ ಕಂಡುಕೊಂಡಿದ್ದನು.

ಆ ಸಂಜೆ ಅವರು ಈ ಸುದ್ದಿಯನ್ನು ಹೇಳಲು ಯಂತ್ರದ ತರುಣಿಯನ್ನು ಹುಡುಕಿಕೊಂಡು ಹೋದರು. ಆಗಲೇ ಅವರಿಗೆ ತಿಳಿದದ್ದು, ಆಕೆ ಅದೇ ಕಾಲೇಜಿನ ಅತಿಥಿ ಉಪನ್ಯಾಸಕಿಯೆಂದು. ನಲವತ್ತು ಮಂದಿಗೆ ಏಳು ದಿನ ಕಲಿಸಿದ ಆಕೆಗೆ ಬಡ್ತಿಯ ಏಣಿಯೇ ಇಲ್ಲ; ಪ್ರಮಾಣಪತ್ರವನ್ನು ಯಾವ ಮೆಟ್ಟಿಲಿಗೆ ಅಂಟಿಸುವುದು? ಮುಂದಿನ ವರ್ಷ ಕೆಲಸವಿರುವುದೆಂಬ ಭರವಸೆಯೂ ಇಲ್ಲ. ಕರ್ನಾಟಕದ ಸರ್ಕಾರಿ ಕಾಲೇಜುಗಳಲ್ಲಿ ಪಾಠದ ಭಾರವನ್ನು ಹೊತ್ತಿರುವ ಇಂಥವರು ಸಾವಿರಾರು. ಅಧ್ಯಾಪಕರ ಏಳಿಗೆಗೆಂದು ಏರ್ಪಡುವ ವ್ಯವಸ್ಥೆಗಳು ಬಹುಮಟ್ಟಿಗೆ ಕಾಯಂ ಹುದ್ದೆಯವರನ್ನೇ ಎಣಿಸುತ್ತವೆ.

“ನನ್ನದೇನು ಸರ್, ನಿಮ್ಮ ಪಾಠ ಚೆನ್ನಾಯಿತಲ್ಲ,” ಎಂದು ಆಕೆ ನಕ್ಕಳು.

ಹಿರಿಯರು ಮನೆಯ ದಾರಿ ಹಿಡಿದಾಗ ‘ಪುಸ್ತಕ’ದ ಗಣಿತವೇ ತಲೆಯಲ್ಲಿ ಸುತ್ತುತ್ತಿತ್ತು. ‘ಪು’ ಗುರುವಾದದ್ದು ‘ಸ್ತ’ದಿಂದ. ಭಾರ ಕೊಟ್ಟ ಅಕ್ಷರ ಮಾತ್ರ ಲಘುವಾಗಿಯೇ ಉಳಿಯಿತು. ಛಂದಸ್ಸಿನ ಈ ನಿಯಮವನ್ನು ಬದಲಾಯಿಸಲು ಯಾರಿಂದಲೂ ಆಗದು. ಕಾಲೇಜಿನದನ್ನು ಬದಲಾಯಿಸಲಾಗದೆಂದು ಯಾರು ಬರೆದಿದ್ದಾರೆ?