ಹೂಳಿನ ಲೆಕ್ಕ ಲೈಬ್ರರಿಯಲ್ಲಿ ಸಿಗಲಿ

ಮಿನಿ ಪ್ರಾಜೆಕ್ಟ್‌ಗೆ ಅಂತ ನಾವು ನಾಲ್ವರು ನಗರದ ಒಂದು ಕೆರೆಯ ನೀರನ್ನು ಆರಿಸಿಕೊಂಡೆವು. ಐದು ವರ್ಷದ ಬಿಒಡಿ, ಡಿಒ ಅಂಕಿ ಹಾಕಿ ಗ್ರಾಫ್ ಎಳೆದರೆ ಮುಗೀತು ಅಂದುಕೊಂಡಿದ್ದೆವು. ಸಿಕ್ಕಿದ್ದು ಓರೆಯಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು. ಸೀಲು ಬಿದ್ದ ಕಡೆ ಅಂಕಿಯೇ ಕಾಣಲ್ಲ. ಅದು 3 ಇರಬಹುದಾ, 8 ಇರಬಹುದಾ ಅಂತ ಕೈ ಎತ್ತಿ ವೋಟು ಹಾಕಿದ್ದೂ ಉಂಟು (ಗೈಡ್ ಮೇಡಂಗೆ ಇದು ಗೊತ್ತಿಲ್ಲ). ಡಿಒ 3 ಅಂದರೆ ಮೀನು ಏದುಸಿರು ಬಿಡುವ ನೀರು, 8 ಅಂದರೆ ಒಳ್ಳೆ ನೀರು.

ನಮಗೆ ಹೋದರೆ ಮಾರ್ಕ್ಸ್ ಹೋಗುತ್ತೆ. ಕೆರೆ ಪಕ್ಕದಲ್ಲೇ ಬದುಕೋರಿಗೆ? ಬೆಳ್ಳಂದೂರು ಕೆರೆಯನ್ನೇ ನೋಡಿ. ಸುಮಾರು 900 ಎಕರೆ. ನೊರೆ ರಸ್ತೆಗೆ ಹಾರಿತು. 2017ರ ಫೆಬ್ರವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಬೆಂಕಿ ಹೊತ್ತಿತು. ಅದೇ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ಹಾಕಿ, ಕೆರೆ ಸರಿಪಡಿಸಲು 500 ಕೋಟಿ ತೆಗೆದಿಡಿ ಅಂದಿತು. ಆಮೇಲೆ ಹೂಳೆತ್ತುವ ಕೆಲಸ. ಎತ್ತಿದ ಹೂಳಿನಲ್ಲಿ ಭಾರಲೋಹ ಎಷ್ಟಿತ್ತು, ಅದನ್ನು ಎಲ್ಲಿ ಸುರಿದರು, ಈ ತಿಂಗಳು ಎಸ್‌ಟಿಪಿಯಿಂದ ಹೊರಬಿದ್ದ ನೀರು ಹೇಗಿತ್ತು? ಇಷ್ಟೂ ಒಂದೇ ಕಡೆ, ಕನ್ನಡದಲ್ಲಿ ಇರಬೇಕು ಅನ್ನೋದು ನಮ್ಮ ವಾದ. ಆ ನೀರು ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ ಹೋಗುತ್ತೆ. ಆ ದಾರಿಯಲ್ಲಿ ಸೊಪ್ಪು, ತರಕಾರಿ ಬೆಳೆಯೋರಿಗೂ ಇದು ಗೊತ್ತಾಗಬೇಕಲ್ಲ.

‘ಆರ್‌ಟಿಐ ಹಾಕಿ’ ಅಂತಾರೆ. ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ, 30 ದಿನ. ಬಂದ ಉತ್ತರ ಅರ್ಜಿ ಹಾಕಿದವರ ಕಪಾಟಿನಲ್ಲಿ ಕೂರುತ್ತೆ. ಪಕ್ಕದ ಮನೆಯವರಿಗೆ ಬೇಕೆಂದರೆ ಇನ್ನೊಂದು ಅರ್ಜಿ. 2005ರ ಆ ಕಾಯ್ದೆಯ 4ನೇ ಸೆಕ್ಷನ್ ಹೇಳೋದೇ ಬೇರೆ: ಯಾರೂ ಕೇಳುವ ಮೊದಲೇ ಪ್ರಕಟಿಸಿ, ಸ್ಥಳೀಯ ಭಾಷೆಯನ್ನು ಗಮನದಲ್ಲಿಡಿ.

ಅಮೆರಿಕದಲ್ಲಿ ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. ಅಲ್ಲಿನ ಸೂಪರ್‌ಫಂಡ್ ಕಾನೂನಿನಡಿ ವಿಷತ್ಯಾಜ್ಯದ ಜಾಗ ಶುಚಿ ಮಾಡುವಾಗ, ನಿರ್ಧಾರಕ್ಕೆ ಆಧಾರವಾದ ದಾಖಲೆಗಳು ಆ ಜಾಗದ ಹತ್ತಿರವೇ ಜನರಿಗೆ ಸಿಗಬೇಕು. ಎಷ್ಟೋ ಕಡೆ ಅವು ಇರೋದು ಊರಿನ ಲೈಬ್ರರಿಯಲ್ಲಿ. 2013ರಲ್ಲಿ ನಿಯಮ ತಿದ್ದಿ, ಡಿಜಿಟಲ್ ರೂಪದಲ್ಲೂ ಕೊಡಬಹುದು ಅಂದರು.

ನಮ್ಮಲ್ಲೂ ಲೈಬ್ರರಿಗಳಿವೆ. ಆಸ್ತಿ ತೆರಿಗೆ ಜೊತೆ ಶೇ 6 ಗ್ರಂಥಾಲಯ ಕರ ನಮ್ಮ ಮನೆಯವರೇ ಕಟ್ಟುತ್ತಾರೆ. 2020ರಿಂದ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವೂ ಇದೆ. ಅದರಲ್ಲಿ ಕೆರೆಗೊಂದು ಕಪಾಟು ಯಾಕಿರಬಾರದು? ವೆಬ್‌ಸೈಟಿಗೆ ಹಾಕಿದರೆ ಸಾಕಲ್ವಾ ಅನ್ನೋ ಸ್ನೇಹಿತರಿಗೆ: ಸೈಟ್ ಹೊಸದಾದ ದಿನವೇ ಹಳೇ ಲಿಂಕ್ ಸಾಯುತ್ತೆ. ಇಸವಿ ಪ್ರಕಾರ ಜೋಡಿಸಿ ಕಾಪಾಡೋದು ಲೈಬ್ರರಿಯವರ ಕಸುಬು. 200 ಪುಟದ ಪಿಡಿಎಫ್ ಮೊಬೈಲಿನಲ್ಲಿ ಓದಲಾಗದ ಅಜ್ಜನಿಗೆ ಅಲ್ಲೊಂದು ಕುರ್ಚಿಯೂ ಇರುತ್ತೆ. ಪಿಡಿಎಫ್ ಜೊತೆ ಸಿಎಸ್‌ವಿ ಫೈಲನ್ನೂ ಇಟ್ಟರೆ ಮುಂದಿನ ಬ್ಯಾಚ್ ವೋಟು ಹಾಕಬೇಕಾಗಿಲ್ಲ.

ನಾವು ಟೈಪ್ ಮಾಡಿದ ಐದು ವರ್ಷದ ಶೀಟನ್ನು ಕಾಲೇಜು ಲೈಬ್ರರಿಗೆ ಕೊಡ್ತಿದ್ದೇವೆ. ಹಳದಿ ಬಣ್ಣದ ಚೌಕಗಳೆಲ್ಲ ನಮ್ಮ ಅನುಮಾನ. ಅಸಲಿ ಕಾಗದ ಯಾರಿಗಾದರೂ ಸಿಕ್ಕರೆ ತಿದ್ದಿ.