ಬ್ಯಾಂಕಿನ ಕಾರ್ಡು: ಹೊಣೆ ಯಾರದು?

ಸಾವಕಾರನ ಕೀರ್ದಿಯಲ್ಲಿ ಬರೆದುದೇ ಸತ್ಯವೆಂದು ರೈತನು ಹೆಬ್ಬೆಟ್ಟೊತ್ತುತ್ತಿದ್ದ ಕಾಲವು ಹಿಂದಾಯಿತೆಂದು ನಾವು ಸಂತೋಷಪಡುತ್ತೇವೆ. ಆದರೆ ಖಾತೆಯಲ್ಲಿಯ ಹಣವನ್ನು ಅನ್ಯರು ಅಪಹರಿಸಿದಾಗ, “ನಿಮ್ಮ ಪಿನ್ ಸಂಖ್ಯೆಯಿಂದಲೇ ಹಣ ಹೋಗಿದೆ, ನಮ್ಮ ಯಂತ್ರವು ತಪ್ಪದು” ಎಂಬ ಉತ್ತರವೇ ಬ್ಯಾಂಕಿನಿಂದ ಬರುವುದಾದರೆ, ಕೀರ್ದಿಯ ಸ್ಥಾನದಲ್ಲಿ ಯಂತ್ರ ಬಂದುದನ್ನುಳಿದು ಬೇರೇನು ಬದಲಾದಂತಾಯಿತು?

ಇದು ಕೇವಲ ಪಟ್ಟಣಿಗರ ಚಿಂತೆಯಲ್ಲ. ತುಂಗಭದ್ರೆಯ ದಂಡೆಯ ಸಿಂಗಟಾಲೂರಿನಂಥ ಗ್ರಾಮಗಳಲ್ಲಿಯೂ ಇಂದು ಸರಕಾರದ ಸಹಾಯಧನವು ಖಾತೆಗೇ ಜಮೆಯಾಗುತ್ತದೆ. ಆದುದರಿಂದ ಈ ವಿಷಯದಲ್ಲಿ ಕಾಯದೆಯ ಸ್ಥಿತಿಯೇನೆಂಬುದನ್ನು ನಮ್ಮ ವಾಚಕರು ಅರಿತಿರುವುದು ಅವಶ್ಯ.

ಭಾರತೀಯ ರಿಜರ್ವ್ ಬ್ಯಾಂಕು 2017ರ ಜುಲೈ 6ರಂದು ವಾಣಿಜ್ಯ ಹಾಗೂ ಗ್ರಾಮೀಣ ಬ್ಯಾಂಕುಗಳಿಗೂ, ಅದೇ ವರ್ಷದ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಆದೇಶವನ್ನು ಹೊರಡಿಸಿತು. ಬ್ಯಾಂಕಿನದೇ ತಪ್ಪಿದ್ದರೆ ಗ್ರಾಹಕನಿಗೆ ಯಾವ ಹೊಣೆಯೂ ಇಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ಮೂರನೆಯವರದೆಂದಾದರೆ, ಸೂಚನೆ ಮುಟ್ಟಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೂ ಹೊಣೆಯಿಲ್ಲ. ನಾಲ್ಕರಿಂದ ಏಳು ದಿನಗಳೊಳಗೆ ತಿಳಿಸಿದರೆ ಮೂಲ ಉಳಿತಾಯ ಖಾತೆಗೆ 5,000 ರೂಪಾಯಿ, ಇತರ ಉಳಿತಾಯ ಖಾತೆಗೆ 10,000 ರೂಪಾಯಿ ಹೊಣೆಯ ಮೇಲ್ಮಿತಿ. ಅದಕ್ಕೂ ತಡವಾದರೆ ಆಯಾ ಬ್ಯಾಂಕಿನ ಆಡಳಿತ ಮಂಡಲಿಯ ಧೋರಣೆಯೇ ಪ್ರಮಾಣ. ತಿಳಿಸಿದ ಹತ್ತು ಕೆಲಸದ ದಿನಗಳೊಳಗೆ ಹಣವನ್ನು ಖಾತೆಗೆ ತಾತ್ಪೂರ್ತಿಕವಾಗಿ ಜಮೆ ಮಾಡತಕ್ಕದ್ದು, 90 ದಿನಗಳೊಳಗೆ ಫಿರ್ಯಾದಿಯನ್ನು ತೀರ್ಮಾನಿಸತಕ್ಕದ್ದು ಎಂದೂ ವಿಧಿಸಲಾಯಿತು. ಎಲ್ಲಕ್ಕೂ ಮಿಗಿಲಾಗಿ, ಗ್ರಾಹಕನ ಹೊಣೆಯನ್ನು ಸಿದ್ಧಪಡಿಸುವ ಭಾರವು ಬ್ಯಾಂಕಿನದೇ ಎಂದು ಆ ಆದೇಶವು ಸಾರಿತು. ‘ಯಂತ್ರವು ತಪ್ಪದು’ ಎಂಬ ಮಾತು ಪುರಾವೆಯಾಗಲಾರದು.

ಇಷ್ಟಾದರೂ ಒಂದು ಕೊರತೆ ಉಳಿಯಿತು. ಗ್ರಾಹಕನು ಪಿನ್ನನ್ನು ಅನ್ಯರಿಗೆ ತಿಳಿಸಿದ್ದರೆ, ಅದು ಅವನ ಅಲಕ್ಷ್ಯವೆಂದು, ಬ್ಯಾಂಕಿಗೆ ತಿಳಿಸುವವರೆಗಿನ ಹಾನಿಯೆಲ್ಲವನ್ನೂ ಅವನ ತಲೆಗೇ ಕಟ್ಟಲಾಯಿತು. ಸಿಂಗಟಾಲೂರಿನ ಅಕ್ಷರವರಿಯದ ಮುದುಕಿಯೊಬ್ಬಳು ಮುಂಡರಗಿಯ ಪೇಟೆಯಲ್ಲಿ ಯಂತ್ರದ ಮುಂದೆ ನಿಂತು, ಪಕ್ಕದವರ ಸಹಾಯ ಬೇಡಿ ಮೋಸಹೋದಳೆಂದು ಭಾವಿಸೋಣ. ಓದಲಾರದವಳ ಕೈಗೆ ಕಾರ್ಡನ್ನಿತ್ತು, ಅದರ ಬಳಕೆಯನ್ನು ಕಲಿಸದೆ ಕಳುಹಿದವರ ಅಲಕ್ಷ್ಯಕ್ಕೆ ಬೆಲೆಯೇ ಇಲ್ಲವೇ? ಅಮೇರಿಕದ 1978ರ ಕಾಯದೆಯಡಿಯ ನಿಯಮಗಳಲ್ಲಿ, ಪಿನ್ನನ್ನು ಕಾರ್ಡಿನ ಮೇಲೆಯೇ ಬರೆದಿಟ್ಟು ಕಳಕೊಂಡರೂ ಗ್ರಾಹಕನ ಹೊಣೆ ಹೆಚ್ಚುವುದಿಲ್ಲ. ಎರಡು ಕೆಲಸದ ದಿನಗಳೊಳಗೆ ತಿಳಿಸಿದವನ ಹೊಣೆ 50 ಡಾಲರನ್ನು ಮೀರದು. ತಾನಾಗಿ ಕಾರ್ಡನ್ನು ಇನ್ನೊಬ್ಬರಿಗೊಪ್ಪಿಸಿದವನಿಗೆ ಅಲ್ಲಿಯೂ ಇಷ್ಟು ರಕ್ಷಣೆಯಿಲ್ಲವೆಂಬುದು ನಿಜ. ಆದರೂ ಅಜಾಗರೂಕತೆಗೂ ಮೋಸಕ್ಕೂ ನಡುವಿನ ಅಂತರವನ್ನು ಕಾಣುವ ಕಣ್ಣು ನಮ್ಮ ನಿಯಮಕ್ಕೂ ಬೇಕು.

ಮತ್ತೊಂದು ಮಾತು. ದಿನಗಳ ಲೆಕ್ಕವು ಸೂಚನೆ ಮುಟ್ಟಿದಂದಿನಿಂದ ನಡೆಯುತ್ತದೆ. ಸೂಚನೆಯೋ ದೂರವಾಣಿಗೆ ಬರುತ್ತದೆ. ಖಾತೆ ತಾಯಿಯದು, ದೂರವಾಣಿ ದೂರದೂರಿನಲ್ಲಿ ದುಡಿಯುವ ಮಗನದು ಎಂದಾದರೆ ಮುಟ್ಟಿದ್ದು ಯಾರಿಗೆ? ಪ್ರತಿ ಶಾಖೆಯೂ ಇಂದು ಜಾರಿಯಲ್ಲಿರುವ ಮಿತಿಗಳನ್ನು ಶುದ್ಧ ಕನ್ನಡದಲ್ಲಿ ಬರೆದು ಬಾಗಿಲಲ್ಲೇ ತೂಗಹಾಕಲಿ. ಸೂಚನೆಗಳೂ ಕನ್ನಡದಲ್ಲಿಯೇ ಬರಲಿ.

ಹಣಹೋದವರು ನಾಚಿ ಮನೆಯಲ್ಲಿ ಕೂಡಲಾಗದು. ತತ್‌ಕ್ಷಣ ಬ್ಯಾಂಕಿಗೆ ತಿಳಿಸಿ ಕಾರ್ಡನ್ನು ನಿಲ್ಲಿಸಬೇಕು, 1930ಕ್ಕೆ ಕರೆಮಾಡಬೇಕು, ಫಿರ್ಯಾದಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಮೂವತ್ತು ದಿನಗಳಲ್ಲಿ ಬ್ಯಾಂಕು ಉತ್ತರಿಸದಿದ್ದರೆ ರಿಜರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ವೆಚ್ಚವಿಲ್ಲದೆ ದೂರಬಹುದು. ಗದಗಿನ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ.

1905ರಲ್ಲಿ ಕಣಗಿನಹಾಳದಲ್ಲಿ ಸಹಕಾರಿ ಸಂಘವನ್ನು ಕಟ್ಟಿ ನಾಡಿಗೆ ದಾರಿ ತೋರಿದ ಜಿಲ್ಲೆಯಿದು. ರೈತನ ಹಣದ ವ್ಯವಹಾರವು ವಿಶ್ವಾಸದ ಮೇಲೆ ನಿಲ್ಲಬೇಕೆಂಬುದೇ ಆ ಪ್ರಯತ್ನದ ತಿರುಳು. ಕಾರ್ಡನ್ನು ಕೊಟ್ಟವರು ಹೊಣೆಯಲ್ಲಿಯೂ ತಮ್ಮ ಪಾಲನ್ನು ಹೊರದಿದ್ದರೆ ಆ ವಿಶ್ವಾಸವು ಉಳಿಯಲಾರದು.