ಗಣಿತ ಒಲಿಂಪಿಯಾಡ್: ವೇಗವೋ, ತಾಳ್ಮೆಯೋ?

ಬೆಂಗಳೂರು: ಇಂಗ್ಲೆಂಡಿನ ಬಾತ್ ನಗರದಲ್ಲಿ 2024ರಲ್ಲಿ ನಡೆದ ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ ಭಾರತ ನಾಲ್ಕು ಚಿನ್ನ ಗೆದ್ದು ನಾಲ್ಕನೇ ಸ್ಥಾನ ಪಡೆಯಿತು. ಪದಕದ ಸಂಭ್ರಮದ ನಡುವೆ, ಅದಕ್ಕಾಗಿ ಸಿದ್ಧರಾಗುವ ವಿದ್ಯಾರ್ಥಿಗಳ ಇಕ್ಕಟ್ಟು ಮಾತ್ರ ಚರ್ಚೆಗೆ ಬರುವುದು ವಿರಳ.

ಮೊದಲ ಹಂತವಾದ ಐಒಕ್ಯೂಎಂನಲ್ಲಿ ಮೂರು ಗಂಟೆಗೆ 30 ಪ್ರಶ್ನೆಗಳು. ಉತ್ತರವಾಗಿ ಒಂದು ಸಂಖ್ಯೆ ಬರೆದರೆ ಸಾಕು. ರಾಷ್ಟ್ರೀಯ ಹಂತದಲ್ಲಿ ನಾಲ್ಕೂವರೆ ಗಂಟೆಗೆ ಆರೇ ಪ್ರಶ್ನೆಗಳು. ಪ್ರತಿ ಹೆಜ್ಜೆಯನ್ನೂ ತರ್ಕಬದ್ಧವಾಗಿ ಸಾಧಿಸಿ ತೋರಿಸಬೇಕು. ಸಿಇಟಿ, ಜೆಇಇ ತರಬೇತಿ ಕಲಿಸುವುದು ವೇಗವನ್ನು. ಒಲಿಂಪಿಯಾಡ್ ಬೇಡುವುದು ತಾಳ್ಮೆಯನ್ನು. ಹೀಗಾಗಿ ಪಿಯು ವಿದ್ಯಾರ್ಥಿಯದು ಎರಡು ದೋಣಿಗಳಲ್ಲಿ ಕಾಲಿಟ್ಟ ಸ್ಥಿತಿ.

‘ಇದರಿಂದ ಸೀಟು ಸಿಗುವುದೇ?’ ಎಂಬುದು ಪಾಲಕರ ಸಹಜ ಪ್ರಶ್ನೆ. ಐಐಟಿ ಕಾನ್ಪುರ 2025ರಲ್ಲಿ ಒಲಿಂಪಿಯಾಡ್ ಮಾರ್ಗದ ಪ್ರವೇಶವನ್ನು ಆರಂಭಿಸಿದ್ದು ಆಶಾದಾಯಕ. ಆದರೆ ಅಂಥ ಸೀಟುಗಳು ಬೆರಳೆಣಿಕೆಯಷ್ಟು.

ಒಲಿಂಪಿಯಾಡ್ ಅಭ್ಯಾಸಿಗಳು ಇಂದಿಗೂ ನೆಚ್ಚುವ ‘ಚಾಲೆಂಜ್ ಅಂಡ್ ಥ್ರಿಲ್ ಆಫ್ ಪ್ರಿ-ಕಾಲೇಜ್ ಮ್ಯಾಥಮ್ಯಾಟಿಕ್ಸ್’ ಕೃತಿಯ ಲೇಖಕರಲ್ಲಿ ಬೆಂಗಳೂರಿನ ಸಿ.ಆರ್. ಪ್ರಾಣೇಶಾಚಾರ್, ಬಿ.ಜೆ. ವೆಂಕಟಾಚಲ ಸೇರಿದ್ದಾರೆ. ರಾಜ್ಯಕ್ಕೆ ಪರಂಪರೆಯ ಕೊರತೆಯಿಲ್ಲ. ಕೊರತೆಯಿರುವುದು, ಒಂದೇ ಲೆಕ್ಕವನ್ನು ಹಿಡಿದು ಗಂಟೆಗಟ್ಟಲೆ ಕೂರಲು ಮಕ್ಕಳಿಗೆ ಶಾಲೆ ಕೊಡಬೇಕಾದ ಬಿಡುವಿನದು. ಎಂಟನೇ ತರಗತಿಯಿಂದಲೇ ವಾರಕ್ಕೊಂದು ಅವಧಿಯನ್ನು ಇದಕ್ಕೆ ಮೀಸಲಿಟ್ಟರೆ ಆರಂಭವಾದರೂ ಆದೀತು.